ಒಂದು ಮಾರು ದೂರದ ಮುಖ

ಮಿರರ್‌ಲೆಸ್ ಕ್ಯಾಮೆರಾ ತಗೊಂಡವರೆಲ್ಲ ಮೂರ್ನಾಲ್ಕು ತಿಂಗಳಲ್ಲಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಜೊತೆಗೆ ಬಂದ ಕಿಟ್ ಲೆನ್ಸ್‌ನಲ್ಲಿ ಬೆಟ್ಟ ಗುಡ್ಡ ಚೆನ್ನಾಗಿ ಬರುತ್ತೆ, ಮನುಷ್ಯರ ಮುಖ ಮಾತ್ರ ಯಾಕೋ ಸಪ್ಪೆ. ಹಾಗಾದರೆ ಪೋರ್ಟ್ರೇಟ್‌ಗೆ ಯಾವ ಲೆನ್ಸ್? 50 ಎಂಎಂ ಸಾಕಾ, 85 ಬೇಕಾ, 135 ಜಾಸ್ತಿ ಆಯ್ತಾ? ಎಫ್/1.8 ಸಾಕಾ, ಸಾಲ ಮಾಡಿಯಾದರೂ ಎಫ್/1.2 ತಗೋಬೇಕಾ? ಯೂಟ್ಯೂಬ್ ತೆರೆದರೆ ಉತ್ತರಗಳ ಸಂತೆ. ಒಬ್ಬರು ರೆಪ್ಪೆಗೂದಲನ್ನು ನಾನೂರು ಪಟ್ಟು ಹಿಗ್ಗಿಸಿ ತೋರಿಸುತ್ತಾರೆ, ಇನ್ನೊಬ್ಬರು ಹಿಂದಿನ ದೀಪಗಳು ಎಷ್ಟು ದುಂಡಗೆ ಮಸುಕಾಗುತ್ತವೆ ಅಂತ ಎಣಿಸುತ್ತಾರೆ.

ನನಗೂ ಈ ಪ್ರಶ್ನೆ ಬಂದಾಗ ಬೆಲೆಪಟ್ಟಿ ಬಿಟ್ಟು ಇತಿಹಾಸ ಓದಲು ಕೂತೆ. ಪ್ರಶ್ನೆ ಹೊಸದೇನಲ್ಲ, ಅದಕ್ಕೆ 180 ವರ್ಷ ದಾಟಿದೆ. ಈ ಅಷ್ಟೂ ವರ್ಷಗಳಲ್ಲಿ ಪೋರ್ಟ್ರೇಟ್ ಲೆನ್ಸ್ ಮಾಡಿದವರು ಬಿಡಿಸಲು ಹೊರಟದ್ದು ಮೂರೇ ಮೂರು ತೊಡಕುಗಳನ್ನು. ಎಷ್ಟು ಹೊತ್ತು ಅಲುಗಾಡದೆ ಕೂರಬೇಕು ಅನ್ನುವುದು ಒಂದು. ಹಿನ್ನೆಲೆಯನ್ನು ಏನು ಮಾಡೋದು ಅನ್ನುವುದು ಇನ್ನೊಂದು. ತೆಗೆಯುವವನು ಎಷ್ಟು ದೂರ ನಿಲ್ಲಬೇಕು ಅನ್ನುವುದು ಮೂರನೆಯದು. ಮೊದಲನೆಯದು ಯಾವತ್ತೋ ಮುಗಿದ ಕಥೆ. ಎರಡನೆಯದನ್ನು ಈಗ ಫೋನೇ ಲೆಕ್ಕ ಹಾಕಿ ಮಾಡಿಕೊಡುತ್ತೆ. ಮೂರನೆಯದು ಮಾತ್ರ ಇವತ್ತಿಗೂ ನಮ್ಮ ಕಾಲಿಗೇ ಬಿಟ್ಟದ್ದು.

ಶುರುವಿನಿಂದ ನೋಡೋಣ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್‌ನ ಫೋಟೋಗ್ರಫಿ ವಿಧಾನ ಲೋಕಕ್ಕೆ ಪ್ರಕಟವಾಯಿತು. ಆಗಿದ್ದ ಲೆನ್ಸ್‌ಗಳು ದೃಶ್ಯ ತೆಗೆಯಲು ಮಾಡಿದವು, ದೊಡ್ಡ ಬಾಯಿ ತೆರೆದರೂ ಎಫ್/15ರ ಆಸುಪಾಸು. ಒಂದು ಚಿತ್ರಕ್ಕೆ ಬಿಸಿಲಲ್ಲೂ ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತು ಯಾರು ಅಲುಗಾಡದೆ ಇರುತ್ತಾರೆ? ಕಟ್ಟಡ ಇರುತ್ತೆ, ಕಲ್ಲು ಇರುತ್ತೆ. ಕನ್ನಡನಾಡಿನ ಬಹಳ ಹಳೆಯ ಫೋಟೋಗಳಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರಿನಲ್ಲಿ ತೆಗೆದವೂ ಸೇರಿವೆ. ಅವನು ಬಳಸಿದ್ದು ಕಾಗದದ ನೆಗೆಟಿವ್, ಬೆಳಕಿಗೆ ಬಹಳ ನಿಧಾನ. ಹೊಯ್ಸಳರ ಶಿಲಾಬಾಲಿಕೆಯರು ಕಣ್ಣು ಮಿಟುಕಿಸುವವರಲ್ಲ, ಹಾಗಾಗಿ ತೊಂದರೆಯಾಗಲಿಲ್ಲ.

ಮನುಷ್ಯರಿಗಾಗಿಯೇ ಲೆಕ್ಕ ಹಾಕಿ ಮಾಡಿದ ಮೊದಲ ಲೆನ್ಸ್ ಬಂದದ್ದು ವಿಯೆನ್ನಾದಿಂದ, 1840ರಲ್ಲಿ. ಮಾಡಿದವನು ಜೋಸೆಫ್ ಪೆಟ್ಸ್‌ವಾಲ್, ಅಲ್ಲಿನ ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರ್. ಕಂಪ್ಯೂಟರ್ ಇಲ್ಲದ ಕಾಲ. ಬೆಳಕಿನ ಒಂದೊಂದು ಕಿರಣ ಗಾಜಿನಲ್ಲಿ ಎಲ್ಲಿ ಬಾಗುತ್ತೆ ಅಂತ ಕೈಯಲ್ಲೇ ಲೆಕ್ಕ ಮಾಡಬೇಕು. ಅದಕ್ಕೆ ಆಸ್ಟ್ರಿಯಾದ ರಾಜಮನೆತನದವರೊಬ್ಬರು ಫಿರಂಗಿ ದಳದ ಸಿಪಾಯಿಗಳನ್ನು ಎರವಲು ಕೊಟ್ಟರು. ಗುಂಡು ಎಲ್ಲಿ ಬೀಳುತ್ತೆ ಅಂತ ಲೆಕ್ಕ ಹಾಕುವವರು, ಗಣಿತ ಬಲ್ಲವರು. ಹೀಗೆ ಹುಟ್ಟಿದ್ದು ನಾಲ್ಕು ಗಾಜಿನ, ಎಫ್/3.6ರ ಆಸುಪಾಸಿನ ಲೆನ್ಸ್. ಹಳೆಯದಕ್ಕಿಂತ ಸುಮಾರು 16 ಪಟ್ಟು ಹೆಚ್ಚು ಬೆಳಕು. ರಾಸಾಯನಿಕಗಳೂ ಅದೇ ಹೊತ್ತಿಗೆ ಸುಧಾರಿಸಿದ್ದರಿಂದ ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಫೋಟೋ ಸ್ಟುಡಿಯೋ ಅನ್ನುವ ವ್ಯಾಪಾರ ನಿಂತದ್ದೇ ಈ ಲೆನ್ಸಿನ ಮೇಲೆ. ಹಿತ್ತಾಳೆ ಕೊಳವೆಯಲ್ಲಿ ಕೂರಿಸಿ ಮಾರಿದ್ದು ಫೋಕ್ಟ್‌ಲೆಂಡರ್ ಕಂಪನಿ. ಆಮೇಲೆ ಪ್ರೊಫೆಸರ್‌ಗೂ ಕಂಪನಿಗೂ ದೊಡ್ಡ ಜಗಳವಾಯಿತು, ಅದು ಬೇರೆ ಕಥೆ.

ಪೆಟ್ಸ್‌ವಾಲ್ ಲೆನ್ಸಿಗೆ ಒಂದು ದೋಷ ಇತ್ತು. ನಡುವೆ ಚೂಪು, ಅಂಚಿಗೆ ಹೋದಂತೆ ಮಸುಕು, ಹಿನ್ನೆಲೆ ಸುಳಿಯ ಹಾಗೆ ತಿರುಗಿದಂತೆ ಕಾಣುತ್ತೆ. ಆದರೆ ಮುಖ ಇರೋದು ನಡುವೆಯೇ ತಾನೆ? ಹಾಗಾಗಿ ದೋಷವೇ ಅನುಕೂಲವಾಯಿತು. 2013ರಲ್ಲಿ ಲೋಮೋಗ್ರಫಿ ಕಂಪನಿ ಇದೇ ಸುಳಿಯನ್ನು ಬೇಕೆಂದೇ ಉಳಿಸಿಕೊಂಡು ಹೊಸ ಹಿತ್ತಾಳೆ ಪೆಟ್ಸ್‌ವಾಲ್ 85 ಎಂಎಂ ಲೆನ್ಸನ್ನು ಕಿಕ್‌ಸ್ಟಾರ್ಟರ್‌ನಲ್ಲಿ ಮಾರಾಟಕ್ಕಿಟ್ಟಿತು. ನಾವೀಗ ದುಡ್ಡು ಕೊಟ್ಟು ಕೊಳ್ಳುವ ‘ಬೊಕೆ’ಯ ಮೂಲ ಒಬ್ಬ ಗಣಿತಜ್ಞನಿಗೆ ಪೂರ್ತಿ ತಿದ್ದಲಾಗದೆ ಉಳಿದ ಒಂದು ಕೊರತೆ.

ಈಗ ನಮ್ಮ ಕಡೆಯ ಗೋಡೆಗಳಿಗೆ ಬರೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವುದೇ ಹಳೆಯ ಮನೆಗೆ ಹೋಗಿ, ಪಡಸಾಲೆಯಲ್ಲಿ ಸೂರಿನ ಹತ್ತಿರ ಮುಂದಕ್ಕೆ ವಾಲಿಸಿ ತೂಗುಹಾಕಿದ ಫೋಟೋಗಳು ಸಿಗುತ್ತವೆ. ಹಿರಿಯರು ಕುರ್ಚಿಯಲ್ಲಿ, ಕೈ ಮೊಣಕಾಲ ಮೇಲೆ, ಹಿಂದೆ ಬಣ್ಣ ಬಳಿದ ಪರದೆ. ಯಾರೂ ನಗುವುದಿಲ್ಲ. ಸೆಕೆಂಡುಗಟ್ಟಲೆ ನಗುವನ್ನು ಹಿಡಿದಿಡಲು ಆಗಲ್ಲ ಅನ್ನುವುದು ಇದಕ್ಕೊಂದು ಕಾರಣ. ಸ್ಟುಡಿಯೋಗೆ ಹೋಗುವುದು ಜೀವಮಾನದಲ್ಲಿ ಒಂದೆರಡು ಸಲ ನಡೆಯುವ ಗಂಭೀರ ಕೆಲಸವಾಗಿತ್ತು ಅನ್ನುವುದು ಇನ್ನೊಂದು. ತಲೆಯಿಂದ ಪಾದದವರೆಗೆ ಚಿತ್ರದಲ್ಲಿ ಬರಬೇಕಾದ್ದರಿಂದ ಫೋಟೋಗ್ರಾಫರ್ ಸಾಕಷ್ಟು ಹಿಂದೆ ನಿಲ್ಲುತ್ತಿದ್ದ. ಆ ದೂರವೇ ಆ ಮುಖಗಳಿಗೆ ಒಂದು ಗೌರವದ ಕಳೆ ಕೊಟ್ಟಿದೆ. ಮೂಗು ಉಬ್ಬಿಲ್ಲ, ಹಣೆ ಊದಿಲ್ಲ.

ನಂತರದ ತಲೆಮಾರಿನ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಎರಡು ಕಣ್ಣಿನ ಕ್ಯಾಮೆರಾ ಬಂತು. ರೋಲೈಫ್ಲೆಕ್ಸ್ 1929ರಿಂದ ಇತ್ತು, 1970ರ ಹೊತ್ತಿಗೆ ಯಾಶಿಕಾ ಮ್ಯಾಟ್. ಮೇಲಿನ ಕಣ್ಣು ನೋಡಲು, ಕೆಳಗಿನದು ತೆಗೆಯಲು. ಕುತ್ತಿಗೆಗೆ ನೇತುಹಾಕಿ, ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಗಾಜಿನಲ್ಲಿ ನೋಡಬೇಕು. ಯಾಶಿಕಾ ಮ್ಯಾಟ್ 124ಜಿಯ ಲೆನ್ಸ್ 80 ಎಂಎಂ ಎಫ್/3.5. ಫಿಲ್ಮ್ ದೊಡ್ಡದಾದ್ದರಿಂದ ಇವತ್ತಿನ ಫುಲ್‌ಫ್ರೇಮ್ ಲೆಕ್ಕದಲ್ಲಿ ಅದು 45 ಎಂಎಂ ಆಸುಪಾಸು. ಒಂದು ರೋಲಿಗೆ 12 ಚಿತ್ರ ಮಾತ್ರ. ಸುಮಾರು ಒಂದು ಮೀಟರ್‌ಗಿಂತ ಹತ್ತಿರ ಹೋದರೆ ಫೋಕಸ್ ಆಗುತ್ತಿರಲಿಲ್ಲ. ನಮ್ಮ ಅಪ್ಪ ಅಮ್ಮಂದಿರ ಮದುವೆ ಆಲ್ಬಮ್‌ಗಳಲ್ಲಿ ಮುಖಗಳು ಯಾಕೆ ಅಷ್ಟು ಸಹಜವಾಗಿವೆ ಅಂದರೆ, ಯಂತ್ರವೇ ಫೋಟೋಗ್ರಾಫರ್‌ನನ್ನು ಮರ್ಯಾದೆಯ ದೂರದಲ್ಲಿ ನಿಲ್ಲಿಸಿತ್ತು. ಬಗ್ಗಿಸಿದ ತಲೆ ಕೂಡ ನಮಸ್ಕಾರದ ಹಾಗೇ ಕಾಣುತ್ತಿತ್ತೇನೋ.

ಹೀಗೆ ತೆಗೆಸಿಕೊಂಡವರು ಎಲ್ಲರೂ ಅಲ್ಲ ಅನ್ನೋದನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಇಬ್ಬರ ಮುಖ ಕನ್ನಡ ಓದುವ ಎಲ್ಲರಿಗೂ ಗೊತ್ತು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿ, ಮಾಲೂರು ತಾಲ್ಲೂಕಿನ ಮಾಸ್ತಿ. ಅವರ ಕನ್ನಡಕ, ದಿರಿಸು ನಮಗೆ ಬಾಯಿಪಾಠ. ಅವರ ಅಕ್ಕಪಕ್ಕದ ಮನೆಯವರ ಮುಖ? ಡಿವಿಜಿ ತಾವು ಕಂಡ ಜನರ ಬಗ್ಗೆ ಬರೆದ ಸಂಪುಟಗಳಿಗೆ ‘ಜ್ಞಾಪಕ ಚಿತ್ರಶಾಲೆ’ ಅಂತಲೇ ಹೆಸರಿಟ್ಟರು. ದೊಡ್ಡವರ ಜೊತೆಗೆ ತಮ್ಮ ಊರಿನ ಸಾಮಾನ್ಯರನ್ನೂ ಅದರಲ್ಲಿ ಕೂರಿಸಿದರು. ಕ್ಯಾಮೆರಾದ ಮುಂದೆ ಯಾವತ್ತೂ ಕೂರದ ಎಷ್ಟೋ ಜನ ಅಲ್ಲಿ ಮಾತಿನಲ್ಲಿ ಉಳಿದಿದ್ದಾರೆ. ಮಿಕ್ಕವರು ಎಲ್ಲೂ ಉಳಿದಿಲ್ಲ.

ಕ್ಯಾಮೆರಾ ಯಾರ ಕೈಯಲ್ಲಿದೆ ಅನ್ನುವುದೂ ಇದೇ ಕಥೆಯ ಭಾಗ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ತಂದಿತು. ನೂರಾರು ಭಾರತೀಯರ ಫೋಟೋ, ಪಕ್ಕದಲ್ಲಿ ಜಾತಿ, ಕುಲ, ‘ಸ್ವಭಾವ’ದ ವಿವರಣೆ. ಬಹಳಷ್ಟು ಪುಟಗಳಲ್ಲಿ ವ್ಯಕ್ತಿಯ ಹೆಸರೇ ಇಲ್ಲ, ಗುಂಪಿನ ಹೆಸರು ಮಾತ್ರ. ಅದೇ ಸುಮಾರಿಗೆ, ಕಲ್ಕತ್ತಾದಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಇಂಗ್ಲೆಂಡಿನಲ್ಲಿ ಮುಖಗಳನ್ನು ಹತ್ತಿರದಿಂದ, ಬೇಕೆಂದೇ ಸ್ವಲ್ಪ ಮಸುಕಾಗಿ ತೆಗೆಯುತ್ತಿದ್ದಳು. ಅವಳ ಕೈಗೆ ಕ್ಯಾಮೆರಾ ಬಂದಾಗ ವಯಸ್ಸು 48. ಆಗಿನ ಪಂಡಿತರು ಅವಳಿಗೆ ಫೋಕಸ್ ಮಾಡೋಕೆ ಬರಲ್ಲ ಅಂತ ನಕ್ಕರು. ಹೆಚ್ಚುಕಮ್ಮಿ ಒಂದೇ ಕಾಲದ ಯಂತ್ರ. ಒಂದು ಕಡೆ ಮನುಷ್ಯ ಮಾದರಿಯಾದ, ಇನ್ನೊಂದು ಕಡೆ ಮನುಷ್ಯನಾಗಿಯೇ ಉಳಿದ.

ಇನ್ನು 85 ಎಂಎಂ ಅನ್ನುವ ಸಂಖ್ಯೆ ಎಲ್ಲಿಂದ ಬಂತು? 1925ರಲ್ಲಿ ಲೈಕಾ ಬಂದು 35 ಎಂಎಂ ಫಿಲ್ಮ್ ಜನಪ್ರಿಯವಾಯಿತು. ಅದರ 50 ಎಂಎಂ ಲೆನ್ಸಿನಲ್ಲಿ ಮುಖ ದೊಡ್ಡದಾಗಿ ಬೇಕೆಂದರೆ ತೀರಾ ಹತ್ತಿರ ಹೋಗಬೇಕು. ಸ್ವಲ್ಪ ಉದ್ದದ ಲೆನ್ಸ್ ಬೇಕಾಯಿತು. 1930ರ ದಶಕದ ಮೊದಲಲ್ಲಿ ಲೈಕಾ 73 ಮತ್ತು 90 ಎಂಎಂ ತಂದಿತು. ಎದುರಾಳಿ ಕಾಂಟ್ಯಾಕ್ಸ್‌ಗೆ ಲುಡ್ವಿಗ್ ಬೆರ್ಟೆಲೆ ವಿನ್ಯಾಸದ ಝೈಸ್ ಸೊನ್ನಾರ್ 85 ಎಂಎಂ ಎಫ್/2 ಬಂತು. ಯುದ್ಧ ಮುಗಿದ ಮೇಲೆ ಜಪಾನಿನ ನಿಪ್ಪಾನ್ ಕೊಗಾಕು, ಅಂದರೆ ಇವತ್ತಿನ ನಿಕಾನ್, ಅದೇ ಜಾಡಿನಲ್ಲಿ ತನ್ನ 85 ಎಂಎಂ ಮಾಡಿತು. 1950ರಲ್ಲಿ ಟೋಕಿಯೋದಲ್ಲಿ ಜುನ್ ಮಿಕಿ ಎಂಬ ಯುವ ಫೋಟೋಗ್ರಾಫರ್ ಈ ಲೆನ್ಸಿನಿಂದ ‘ಲೈಫ್’ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್‌ನ ಒಂದು ಫೋಟೋ ತೆಗೆದ. ಜಪಾನಿ ಲೆನ್ಸ್ ಅಂದರೆ ಅಗ್ಗದ ನಕಲು ಅಂತ ಅಂದುಕೊಂಡಿದ್ದ ಡಂಕನ್ ಪ್ರಿಂಟ್ ನೋಡಿ ದಂಗಾಗಿ, ಕಾರ್ಖಾನೆಗೇ ಹೋಗಿ ಲೆನ್ಸ್ ತಗೊಂಡ. ಕೊರಿಯಾ ಯುದ್ಧಕ್ಕೆ ಹೋದಾಗ ಅವನ ಲೈಕಾ ಮೇಲೆ ಇದ್ದದ್ದು ನಿಕ್ಕೋರ್ ಲೆನ್ಸ್. ಜಪಾನಿನ ಕ್ಯಾಮೆರಾ ಉದ್ಯಮದ ಹೆಸರು ಜಗತ್ತಿಗೆ ಹರಡಿದ್ದರಲ್ಲಿ ಆ ಒಂದು ಪೋರ್ಟ್ರೇಟ್‌ನ ಪಾಲೂ ಇದೆ.

ಅದೇ ಕಂಪನಿಯ 105 ಎಂಎಂ ಎಫ್/2.5 ಇನ್ನೂ ಪ್ರಸಿದ್ಧ. 1984ರಲ್ಲಿ ಪೇಷಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ಹಸಿರು ಕಣ್ಣಿನ ಹುಡುಗಿಯ ಫೋಟೋ ತೆಗೆದದ್ದು ಇದರಲ್ಲಿ. 1985ರ ಜೂನ್‌ನಲ್ಲಿ ಅದು ‘ನ್ಯಾಷನಲ್ ಜಿಯಾಗ್ರಫಿಕ್’ ಮುಖಪುಟವಾಯಿತು. ಆ ಹುಡುಗಿಯ ಹೆಸರು ಶರ್ಬತ್ ಗುಲಾ ಅಂತ ಲೋಕಕ್ಕೆ ಗೊತ್ತಾದದ್ದು 2002ರಲ್ಲಿ. 17 ವರ್ಷ ಜಗತ್ತೆಲ್ಲ ಆ ಮುಖವನ್ನು ನೋಡಿತು, ಅವಳು ಮಾತ್ರ ತನ್ನ ಚಿತ್ರವನ್ನೇ ನೋಡಿರಲಿಲ್ಲ. ಲೆನ್ಸ್ ಪಟ್ಟಿಯಲ್ಲಿ 105 ಎಂಎಂ ಹೊಗಳುವಾಗೆಲ್ಲ ನನಗೆ ಈ 17 ವರ್ಷ ನೆನಪಾಗುತ್ತೆ.

ಹಾಗಾದರೆ ಮಿರರ್‌ಲೆಸ್ ಬಂದು ಏನು ಬದಲಾಯಿತು? ಎಸ್‌ಎಲ್‌ಆರ್ ಒಳಗೆ ಕನ್ನಡಿಗೆ ಜಾಗ ಬಿಡಬೇಕಿತ್ತು. ನಿಕಾನ್‌ನ ಹಳೆಯ ಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 46.5 ಮಿಲಿಮೀಟರ್, ಈಗಿನ ಝಡ್ ಮೌಂಟ್‌ನಲ್ಲಿ 16. ಸೋನಿ ಇ ಮೌಂಟ್‌ನಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20. ಉಳಿದ ಜಾಗದಲ್ಲಿ ಒಂದು ಅಡಾಪ್ಟರ್ ಉಂಗುರ ಇಟ್ಟರೆ ಹಳೆಯ ಕಾಲದ ಬಹುತೇಕ ಎಲ್ಲ ಲೆನ್ಸ್‌ಗಳೂ ಕೂರುತ್ತವೆ. ಫೋಕಸ್ ಕೈಯಲ್ಲಿ ತಿರುಗಿಸಬೇಕು, ಅಷ್ಟೇ. ಅಂದರೆ ನಿಮ್ಮ ಸೋದರಮಾವನ ಬೀರುವಿನಲ್ಲಿರುವ ಹಳೆಯ ನಿಕಾನ್ ಲೆನ್ಸ್ ಇವತ್ತಿಗೂ ಕೆಲಸಕ್ಕೆ ಬರುತ್ತೆ. ಇನ್ನೊಂದು ಬದಲಾವಣೆ, ಕ್ಯಾಮೆರಾ ಈಗ ತಾನೇ ಕಣ್ಣನ್ನು ಹುಡುಕಿ ಫೋಕಸ್ ಹಿಡಿಯುತ್ತೆ. ಮೊದಲು ಎಫ್/1.4ರಲ್ಲಿ ಕಣ್ಣಿಗೆ ಹಿಡಿದದ್ದು ಮೂಗಿಗೆ ಹೋಗಿಬಿಡುತ್ತಿತ್ತು, ಈಗ ಆ ಭಯ ಕಮ್ಮಿ.

ಆದರೆ ಲೆಕ್ಕ ಬದಲಾಗಿಲ್ಲ. ಫುಲ್‌ಫ್ರೇಮ್‌ನಲ್ಲಿ 85 ಎಂಎಂ ಹಾಕಿ, ತಲೆ ಮತ್ತು ಭುಜ ತುಂಬುವ ಹಾಗೆ ಎಫ್/1.4ರಲ್ಲಿ ತೆಗೆದರೆ ಚೂಪಾಗಿ ಬರೋದು ಸುಮಾರು 3 ಸೆಂಟಿಮೀಟರ್ ದಪ್ಪದ ಪದರ ಮಾತ್ರ. ಕಣ್ಣು ಚೂಪು, ಕಿವಿ ಮಸುಕು. ಎಫ್/4ಕ್ಕೆ ಬಂದರೆ ಅದು 9 ಸೆಂಟಿಮೀಟರ್, ಮುಖ ಪೂರ್ತಿ ಬರುತ್ತೆ. ಹಾಗಾಗಿ ಎಫ್/1.2ಗೆ ದುಪ್ಪಟ್ಟು ದುಡ್ಡು ಸುರಿಯುವ ಮುಂಚೆ, ಅದರಲ್ಲಿ ಎಷ್ಟು ಚಿತ್ರ ಎಫ್/1.2ರಲ್ಲೇ ತೆಗೀತೀರಿ ಅಂತ ಯೋಚಿಸಿ. ಕ್ಯಾನನ್ ಆರ್‌ಎಫ್ 85 ಎಂಎಂ ಎಫ್/1.2 ಸುಮಾರು 1,200 ಗ್ರಾಂ ತೂಗುತ್ತೆ, ಸೋನಿ 85 ಎಂಎಂ ಎಫ್/1.8 ತೂಗೋದು 371 ಗ್ರಾಂ. ವೀಕೆಂಡ್‌ನಲ್ಲಿ ಬಸ್ಸು ಹತ್ತಿ ಊರಿಗೆ ಹೋಗುವವರ ಬ್ಯಾಗಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಬರೀ ಹಿನ್ನೆಲೆ ಮಸುಕಾಗಬೇಕು ಅಂದರೆ 2016ರಲ್ಲಿ ಐಫೋನ್ 7 ಪ್ಲಸ್ ಆ ಕೆಲಸವನ್ನು ಲೆಕ್ಕದಲ್ಲೇ ಶುರು ಮಾಡಿತ್ತು.

ಉಳಿದದ್ದು ದೂರ. ಮುಖದ ಆಕಾರ ಬದಲಾಗೋದು ಲೆನ್ಸಿನಿಂದ ಅಲ್ಲ, ದೂರದಿಂದ. ಹತ್ತಿರ ನಿಂತರೆ ಮೂಗು ಕ್ಯಾಮೆರಾಕ್ಕೆ ಹೆಚ್ಚು ಹತ್ತಿರ, ಕಿವಿ ದೂರ, ಹಾಗಾಗಿ ಮೂಗು ಉಬ್ಬುತ್ತೆ. ಲೆನ್ಸ್ ಮಾಡೋದಿಷ್ಟೇ, ಯಾವ ದೂರದಲ್ಲಿ ನಿಂತರೆ ಮುಖ ಚೌಕಟ್ಟು ತುಂಬುತ್ತೆ ಅಂತ ತೀರ್ಮಾನ ಮಾಡೋದು. ಇದನ್ನು ನಮ್ಮ ಕಡೆ ಹೂವು ಮಾರುವವರ ಅಳತೆಯಲ್ಲಿ ಹೇಳಿದರೆ ಸುಲಭ. ಒಂದು ಮೊಳ ಅಂದರೆ ಒಂದೂವರೆ ಅಡಿ, ನಾಲ್ಕು ಮೊಳ ಸೇರಿದರೆ ಒಂದು ಮಾರು. ಫುಲ್‌ಫ್ರೇಮ್‌ನಲ್ಲಿ ತಲೆ-ಭುಜದ ಚಿತ್ರಕ್ಕೆ 35 ಎಂಎಂ ಅಂದರೆ ಒಂದೂವರೆ ಮೊಳ. 50 ಅಂದರೆ ಎರಡು ಮೊಳ. 85 ಅಂದರೆ ಒಂದು ಮಾರಿಗೆ ಚೂರು ಕಮ್ಮಿ. 105 ಅಂದರೆ ಒಂದು ಮಾರಿಗೆ ಚೂರು ಜಾಸ್ತಿ. 135 ಅಂದರೆ ಒಂದೂವರೆ ಮಾರು.

ಈ ಅಳತೆ ಹಿಡಿದುಕೊಂಡು ನಾಲ್ಕು ತಾಲ್ಲೂಕು ಸುತ್ತಿದ್ದೇನೆ. ಕೋಲಾರದ ಎಪಿಎಂಸಿಯಲ್ಲಿ ಬೆಳಗಿನ ಟೊಮ್ಯಾಟೊ ಹರಾಜಿನ ಹೊತ್ತಿಗೆ ಒಂದು ಮಾರು ಜಾಗ ಎಲ್ಲೂ ಖಾಲಿ ಇರಲ್ಲ, ನಡುವೆ ಕ್ರೇಟ್ ಹೊತ್ತ ಮೂರು ಜನ ದಾಟುತ್ತಾರೆ. ಅಲ್ಲಿ 35, ಮುಖದ ಜೊತೆ ಕೆಲಸವೂ ಬರಲಿ. ಮುಳಬಾಗಿಲಿನಲ್ಲಿ ದೋಸೆ ಹುಯ್ಯುವವರ ಮುಂದೆ ಕಾವಲಿಯೇ ದೂರವನ್ನು ನಿಗದಿ ಮಾಡುತ್ತೆ, 50 ಸರಿಹೋಗುತ್ತೆ, ಆವಿ ಲೆನ್ಸಿಗೆ ಅಂಟದ ಹಾಗೆ ನೋಡ್ಕೊಳ್ಳಿ. ಮಾಲೂರಿನ ಹೆಂಚಿನ ಕಾರ್ಖಾನೆಯ ಅಂಗಳದಲ್ಲಿ ಜಾಗ ಧಾರಾಳ, ಕೆಂಪು ಮಣ್ಣಿನಿಂದ ಮೇಲೆದ್ದ ಬೆಳಕು ಕೆನ್ನೆಗೆ ಬಣ್ಣ ಬಳಿಯುತ್ತೆ, 85 ಅಥವಾ 105 ಹಾಕಬಹುದು. ಮಧ್ಯಾಹ್ನದ ನಮ್ಮ ಬಯಲುಸೀಮೆ ಬಿಸಿಲಿನಲ್ಲಿ ಮಾತ್ರ ಯಾವ ಲೆನ್ಸೂ ಬೇಡ, ಕಣ್ಣಿನ ಗುಳಿಯಲ್ಲಿ ಕತ್ತಲೆ ತುಂಬುತ್ತೆ.

ಶ್ರೀನಿವಾಸಪುರದ ಕಡೆ ನಮ್ಮ ಅಜ್ಜಿಯ ಹಳ್ಳಿ. ಮನೆಯ ಗೋಡೆ ಮೇಲೆ ಹಾರ ಹಾಕಿರುವ ತಾತನ ಫೋಟೋ ಯಾರದೋ ಮದುವೆಯ ಗುಂಪಿನ ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅಂಚಿನಲ್ಲಿ ಯಾರದೋ ಭುಜ ಇನ್ನೂ ಇದೆ. ಅಜ್ಜಿಯ ಫೋಟೋ ಇದ್ದದ್ದು ಗುರುತಿನ ಚೀಟಿಯಲ್ಲಿ ಮಾತ್ರ. ಆ ಬೀದಿಯ ಎಂಬತ್ತು ದಾಟಿದ ಏಳೆಂಟು ಜನರದ್ದೂ ಹೆಚ್ಚುಕಮ್ಮಿ ಇದೇ ಕಥೆ. ಇವರ ಮೊಮ್ಮಕ್ಕಳ ಫೋನಿನಲ್ಲಿ ಸಾವಿರಾರು ಫೋಟೋ ಇವೆ, ಅಜ್ಜಿಯರು ಇರೋದು ಸೆಲ್ಫಿಯ ಮೂಲೆಯಲ್ಲಿ, ಅಗಲದ ಲೆನ್ಸಿಗೆ ಸಿಕ್ಕಿ ಮುಖ ಎಳೆದುಕೊಂಡು.

ಹೋದ ಮಾವಿನ ಸುಗ್ಗಿಗೆ ಊರಿಗೆ ಹೋದಾಗ ನನ್ನ 85 ಜೊತೆಗೆ ಗೆಳೆಯನ 135 ಕೂಡ ತಂದಿದ್ದೆ. ಸಂಜೆ ಜಗಲಿಯಲ್ಲಿ ಅಜ್ಜಿಯನ್ನು ಕೂರಿಸಿ, 135 ಹಾಕಿ ಅಂಗಳಕ್ಕೆ ಇಳಿದೆ. ಅಜ್ಜಿಗೆ ಕಿವಿ ಮಂದ. “ಅಷ್ಟು ದೂರ ನಿಂತ್ಕೊಂಡು ಏನ್ ಹೇಳ್ತಿದೀಯಪ್ಪಾ? ಇಲ್ಲಿ ಬಾ, ಕೇಳಿಸಲ್ಲ” ಅಂದಳು. ಮುಖದಲ್ಲಿ ಕೇಳಿಸಿಕೊಳ್ಳುವ ಶ್ರಮ ಒಂದೇ ಕಾಣ್ತಿತ್ತು. 85ಕ್ಕೆ ಬದಲಿಸಿ ಜಗಲಿಯ ಮೇಲೇ, ಒಂದು ಮಾರು ದೂರದಲ್ಲಿ ಕೂತೆ. ಈ ಸಲ ಬಾದಾಮಿ ಹಣ್ಣಿಗೆ ಮಂಡಿಯಲ್ಲಿ ಎಷ್ಟು ರೇಟು ಅಂತ ಕೇಳಿದೆ. ಅಷ್ಟು ಸಾಕಾಯ್ತು. ಮಂಡಿಯವರನ್ನು ಬೈಯುತ್ತಾ, ತಾತ ಗಿಡ ನೆಟ್ಟ ವರ್ಷದ ಬರ ನೆನೆಯುತ್ತಾ, ಕ್ಯಾಮೆರಾ ಇರೋದನ್ನೇ ಮರೆತಳು. ಎಫ್/2.8ರಲ್ಲಿ ತೆಗೆದೆ, ಹಿಂದಿನ ಮಾವಿನ ಎಲೆಗಳು ಸಾಕಷ್ಟು ಕರಗಿದವು, ಕಿವಿಯೋಲೆ ಉಳಿಯಿತು.

ಹಾಗಾಗಿ ಪೆಟ್ಸ್‌ವಾಲ್‌ನಿಂದ ಇಲ್ಲಿಯವರೆಗಿನ ಇತಿಹಾಸ ಓದಿ ನನಗೆ ದಕ್ಕಿದ ಉತ್ತರ ಇದು. ಇಬ್ಬರು ಮನುಷ್ಯರು ದನಿ ಎತ್ತದೆ ಮಾತಾಡುವ ದೂರ ಸುಮಾರು ಒಂದು ಮಾರು. ಆ ದೂರಕ್ಕೆ ಫುಲ್‌ಫ್ರೇಮ್‌ನಲ್ಲಿ 85 ಎಂಎಂ ಎಫ್/1.8. ಎಪಿಎಸ್-ಸಿ ಕ್ಯಾಮೆರಾ ಇದ್ದರೆ 56, ದುಡ್ಡು ಕಮ್ಮಿ ಇದ್ದರೆ 50 ಎಂಎಂ ಎಫ್/1.8 ಅದೇ ಕೆಲಸ ಮಾಡುತ್ತೆ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 45. ಹತ್ತಡಿ ಕೋಣೆಯಲ್ಲೇ ಹೆಚ್ಚು ತೆಗೆಯುವವರು ಫುಲ್‌ಫ್ರೇಮ್‌ನಲ್ಲೂ 50ಕ್ಕೆ ನಿಲ್ಲಿ, ಆದರೆ ಮುಖ ತುಂಬಿಸುವ ಆಸೆ ಬಿಟ್ಟು ಸೊಂಟದವರೆಗೆ ತೆಗೆಯಿರಿ. 135 ಮದುವೆ ಮಂಟಪಕ್ಕೆ, ನಾಟಕಕ್ಕೆ ಇರಲಿ. ಉಳಿದ ದುಡ್ಡಲ್ಲಿ ಎಂಟು-ಹನ್ನೆರಡು ಇಂಚಿನ ಪ್ರಿಂಟ್ ಹಾಕಿಸಿ. ಆ ಬೀದಿಯ ಅಷ್ಟೂ ಹಿರಿಯರಿಗೆ ಅವರವರ ಪ್ರಿಂಟ್ ಕೊಟ್ಟು ಬಂದಿದ್ದೇನೆ, ಹಿಂದುಗಡೆ ಹೆಸರು, ಊರು, ದಿನಾಂಕ ಬರೆದು. ಅದರಲ್ಲಿ ಇಬ್ಬರು ಈಗಿಲ್ಲ. ಗೋಡೆ ಮೇಲಿರುವ ಅವರ ಫೋಟೋಗಳ ಅಂಚಿನಲ್ಲಿ ಬೇರೆಯವರ ಭುಜ ಇಲ್ಲ.